ಮರ ಒಣಗುವವರೆಗೆ ಕಾಯುವವರು ಯಾರು?

ಕೊಡಗಿನ ಕಾಫಿ ತೋಟಗಳಲ್ಲಿ ಕಡಿದ ಮರ ಮೈಸೂರಿಗೆ ಬರುವ ಮುಖ್ಯ ದಾರಿ ಕುಶಾಲನಗರ, ಹುಣಸೂರು, ಬಿಳಿಕೆರೆ ದಾಟಿ ಇಲವಾಲದ ಮೂಲಕ ಹಾದುಹೋಗುತ್ತದೆ. ಬಂಟ್ವಾಳದಿಂದ ಬೆಂಗಳೂರಿಗೆ ಸಾಗುವ ಈ 275ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಸಿಲ್ವರ್ ಓಕ್ ದಿಮ್ಮಿಗಳನ್ನು ಹೇರಿಕೊಂಡ ಲಾರಿ ಯಾರಿಗೂ ಹೊಸ ನೋಟವಲ್ಲ. ಅದೇ ಇಲವಾಲದ ಸುತ್ತ ಈಗ ಬಡಾವಣೆಗಳು ಎದ್ದಿವೆ, ಕೂರ್ಗಳ್ಳಿ, ಹೂಟಗಳ್ಳಿ, ಹೆಬ್ಬಾಳದ ಕೈಗಾರಿಕಾ ಪ್ರದೇಶಗಳು ಕೂಗಳತೆಯಲ್ಲಿವೆ. ಮನೆ ಎದ್ದ ಕಡೆ ಮಂಚ, ಬೀರು, ಊಟದ ಮೇಜು, ಅಡುಗೆಮನೆಯ ಕಪಾಟು ಬೇಕೇ ಬೇಕು. ಇವನ್ನೆಲ್ಲ ಮಾಡಿಕೊಡುವವರು ದೊಡ್ಡ ಕಂಪನಿಯವರೇನಲ್ಲ. ಒಂದು ಶೆಡ್ಡು, ನಾಲ್ಕಾರು ಕೆಲಸಗಾರರು, ಒಂದು ಕಟಿಂಗ್ ಯಂತ್ರ ಇಟ್ಟುಕೊಂಡು ವಿನ್ಯಾಸವನ್ನೂ ತಯಾರಿಕೆಯನ್ನೂ ತಾವೇ ನೋಡಿಕೊಳ್ಳುವ ಸಣ್ಣ ಉದ್ಯಮಿಗಳು ಅವರು. ಕಣ್ಣೆದುರಿಗೇ ಮರದ ಲಾರಿ ಸಾಗುತ್ತಿದ್ದರೂ ಇಂಥ ಶೆಡ್ಡುಗಳಲ್ಲಿ ಗರಗಸಕ್ಕೆ ಸಿಗುವುದು ಬಹುಮಟ್ಟಿಗೆ ಬೇರೆಯೇ ಮಾಲು: ಆಫ್ರಿಕಾದ ತೇಗ, ನ್ಯೂಜಿಲೆಂಡಿನ ಪೈನ್, ಎಲ್ಲೋ ಒತ್ತಿ ತಂದ ಎಂಡಿಎಫ್ ಮತ್ತು ಪಾರ್ಟಿಕಲ್ ಬೋರ್ಡ್. ನೂರು ಕಿಲೋಮೀಟರಿನೊಳಗೆ ಬೆಳೆದ ಮರ ಇದ್ದೂ ಸಮುದ್ರದಾಚೆಯ ಮರ ಏಕೆ ಗೆಲ್ಲುತ್ತದೆ? ಪರಿಸರಕ್ಕೆ ಹೊಂದುವ ಪೀಠೋಪಕರಣದ ಮಾತು ಈ ಪ್ರಶ್ನೆಯಿಂದ ಶುರುವಾಗಬೇಕು ಎಂಬುದು ನನ್ನ ಅಭಿಪ್ರಾಯ.

ಸಾಮಾನ್ಯವಾಗಿ ನಾವು ಕೇಳುವುದು ‘ಯಾವ ಮರ ಒಳ್ಳೆಯದು’ ಎಂದು. ತೇಗವೇ, ಬಿದಿರೇ, ಮರವೇ ಬೇಡವೇ, ಹಸಿರು ಮುದ್ರೆ ಇರುವ ಬೋರ್ಡೇ? ಪಟ್ಟಿ ಮಾಡುತ್ತ ಹೋದರೆ ಉತ್ತರ ಸಿಗುವುದಿಲ್ಲ. ಏಕೆಂದರೆ ಸಣ್ಣ ತಯಾರಕನ ಕೈಗೆ ಯಾವ ಮರ ಬರುತ್ತದೆ ಎಂಬುದನ್ನು ಅವನ ಇಷ್ಟ ನಿರ್ಧರಿಸುವುದೇ ಇಲ್ಲ. ಒಣಗಿ, ಹದವಾಗಿ, ನಾಳೆಯೇ ಕೊಯ್ಯಲು ಸಿದ್ಧವಾಗಿ ಯಾವುದು ಅಂಗಡಿಯಲ್ಲಿ ಸಿಗುತ್ತದೋ ಅದನ್ನೇ ಅವನು ಕೊಳ್ಳುತ್ತಾನೆ. ಹೊರದೇಶದ ಹಲಗೆ ಒಣಗಿ ಬರುತ್ತದೆ, ಬೋರ್ಡು ಕಾರ್ಖಾನೆಯಲ್ಲೇ ಒಣಗಿರುತ್ತದೆ. ನಮ್ಮ ರೈತನ ಮರ ಮಾತ್ರ ಹಸಿಯಾಗಿ ಬಂದು ಹಸಿಯಾಗಿಯೇ ಮಾರಾಟವಾಗುತ್ತದೆ. ಹಾಗಾಗಿ ಇದನ್ನು ಕಾಡಿನ ಪ್ರಶ್ನೆ ಎಂದುಕೊಂಡವರು ನಿಜವಾಗಿ ನೋಡಬೇಕಾದ ಜಾಗ ಮರ ಒಣಗಿಸುವ ಅಂಗಳ. ಅಲ್ಲಿನ ಕೊರತೆ ನೀಗದೆ ಸಣ್ಣ ಉದ್ಯಮಿಗೆ ಪರಿಸರದ ಪಾಠ ಹೇಳಿ ಫಲವಿಲ್ಲ.

ಮೊದಲು ಮರ ಎಲ್ಲಿಂದ ಬರುತ್ತಿದೆ ಎಂಬುದನ್ನು ತಿಳಿಯೋಣ. ಮರದ ಮೇಜು ಎಂದರೆ ಕಾಡು ಕಡಿದ ಪಾಪ ಎಂಬ ಭಾವನೆ ಓದಿದವರಲ್ಲಿ ಗಟ್ಟಿಯಾಗಿದೆ. ಆದರೆ 1988ರ ರಾಷ್ಟ್ರೀಯ ಅರಣ್ಯ ನೀತಿಯೇ ಮರ ಆಧಾರಿತ ಉದ್ಯಮಗಳು ಕಚ್ಚಾಮಾಲಿಗೆ ಕಾಡನ್ನು ನೆಚ್ಚದೆ ರೈತರ ಜೊತೆ ನೇರ ಸಂಬಂಧ ಬೆಳೆಸಿಕೊಳ್ಳಬೇಕು ಎಂದಿತು. 1996ರ ಡಿಸೆಂಬರ್ 12ರಂದು ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ಕಾಡಿನಲ್ಲಿ ಮನಬಂದಂತೆ ಕಡಿಯುವುದಕ್ಕೆ ತಡೆ ಹಾಕಿತು, ಸಾಮಿಲ್‌ಗಳ ಮೇಲೂ ಹಿಡಿತ ಬಿಗಿಯಾಯಿತು. ಭಾರತೀಯ ಅರಣ್ಯ ಸರ್ವೇಕ್ಷಣೆಯ 2011ರ ವರದಿಯ ಅಂದಾಜಿನಂತೆ ದೇಶದ ಕಾಡುಗಳಿಂದ ವರ್ಷಕ್ಕೆ ದೊರೆಯುತ್ತಿದ್ದ ನಾಟಾ ಸುಮಾರು 32 ಲಕ್ಷ ಘನಮೀಟರ್. ಹೊಲದ ಬದು, ತೋಟ, ರಸ್ತೆಬದಿ, ಖಾಸಗಿ ನೆಡುತೋಪುಗಳಿಂದ ದೊರೆಯಬಲ್ಲದ್ದು ಸುಮಾರು 4.3 ಕೋಟಿ ಘನಮೀಟರ್. ಅಂದರೆ ಮರದ ಸಾಮಾನಿಗೆ ಮರ ಕೊಡುವವನು ಈಗ ರೈತ. ಕರ್ನಾಟಕ ಅರಣ್ಯ ಇಲಾಖೆ 2011ರಿಂದ ನಡೆಸುತ್ತಿರುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತ ನೆಟ್ಟು ಉಳಿಸಿದ ಪ್ರತಿ ಸಸಿಗೆ ಮೂರು ವರ್ಷಗಳ ಕಂತಿನಲ್ಲಿ ಹಣ ಸಿಗುತ್ತದೆ. ಬಯಲುಸೀಮೆಯ ಹೊಲಗಳಲ್ಲಿ ಹೆಬ್ಬೇವು ಈ ಪರಿ ಹಬ್ಬಿದ್ದರ ಹಿಂದೆ ಇಂಥ ಉತ್ತೇಜನವೂ ಇದೆ. ಆ ಮರ ಬೆಳೆದು ನಿಂತಾಗ ಅದನ್ನು ಕೊಳ್ಳುವವರು ಇರಬೇಕು, ಒಳ್ಳೆಯ ಬೆಲೆ ಕೊಡಬೇಕು. ಹಾಗಾಗದಿದ್ದರೆ ರೈತ ಎರಡನೇ ಸಲ ಮರ ನೆಡುವುದಿಲ್ಲ. ರೈತನ ಮರವನ್ನು ಬಳಸದಿರುವುದು ಮರ ಉಳಿಸಿದಂತೆ ಎಂದು ತಿಳಿಯುವುದು ಈ ಕಾರಣಕ್ಕೆ ತಪ್ಪು.

ಮೈಸೂರಿನವರಿಗೆ ಬೀಟೆ ಮತ್ತು ತೇಗ ಬಿಟ್ಟು ಬೇರೆ ಮರ ಒಗ್ಗುವುದಿಲ್ಲ ಎಂಬುದು ಈ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪ. ಅದರಲ್ಲಿ ಸತ್ಯವಿಲ್ಲದಿಲ್ಲ. ಅರಮನೆಯ ಆಸರೆಯಲ್ಲಿ ಬೆಳೆದ ಬೀಟೆಮರದ ಕೆತ್ತನೆ, ಕೂರಿಸುವ ಕುಸುರಿ ಈ ಊರಿನ ಹೆಗ್ಗಳಿಕೆ. ಮೈಸೂರಿನ ಬೀಟೆ ಇನ್‌ಲೇ ಕೆಲಸಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಆದರೆ ಇದೇ ಕಲೆಯ ಚರಿತ್ರೆ ಬೇರೆ ಪಾಠವನ್ನೂ ಕಲಿಸುತ್ತದೆ. ಒಂದು ಕಾಲಕ್ಕೆ ಬೀಟೆಯ ಕಪ್ಪು ಮೈಮೇಲೆ ಕೂರಿಸುತ್ತಿದ್ದ ಬಿಳುಪು ಆನೆಯ ದಂತದ್ದು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಬಂದ ತಿದ್ದುಪಡಿಗಳು 1986ರಲ್ಲಿ ದೇಶದ ದಂತದ ವ್ಯಾಪಾರವನ್ನೂ 1991ರಲ್ಲಿ ಆಫ್ರಿಕಾದ ದಂತದ ವ್ಯಾಪಾರವನ್ನೂ ನಿಲ್ಲಿಸಿದವು. ಕಲೆ ಸಾಯಲಿಲ್ಲ. ಕುಶಲಕರ್ಮಿಗಳು ಹಲಸಿನ ಹಳದಿ, ಸಂಪಿಗೆಯ ಕಂದು ಹೀಗೆ ಬಣ್ಣಬಣ್ಣದ ಮರದ ಚೂರುಗಳಲ್ಲೇ ಆನೆ, ಅಂಬಾರಿ, ಹಳ್ಳಿಯ ನೋಟಗಳನ್ನು ಕಟ್ಟಿದರು. ಇವತ್ತು ಮೈಸೂರು ಇನ್‌ಲೇ ಎಂದರೆ ಜನರ ಕಣ್ಣಿಗೆ ಬರುವುದು ಆ ಮರದ ಬಣ್ಣಗಳೇ. ಈಗ ಬೀಟೆಯ ಸರದಿ. ಆ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರ 2017ರ ಜನವರಿಯಿಂದ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದ ನಿಯಂತ್ರಣಕ್ಕೆ ಒಳಪಟ್ಟಿದೆ. ರುಚಿ ಬದಲಾಗುವುದಿಲ್ಲ ಎನ್ನುವವರು ಈ ಊರಿನ ಕಸುಬಿನ ಕಥೆಯನ್ನೇ ಒಮ್ಮೆ ತಿರುವಿ ನೋಡಬೇಕು.

ಹಾಗಾದರೆ ಸಿಲ್ವರ್ ಓಕ್, ಹೆಬ್ಬೇವು, ಮಾವು, ಅಕೇಶಿಯಾಗಳಿಗೆ ಅಂಟಿರುವ ಕೆಟ್ಟ ಹೆಸರು ಎಲ್ಲಿಂದ ಬಂತು? ‘ಬೇಸಿಗೆ ಬಂದರೆ ಬಾಗಿಲು ಬಾಗುತ್ತದೆ, ಮೇಜಿನ ಮೇಲ್ಮೈ ಸೀಳುತ್ತದೆ, ಆರು ತಿಂಗಳಿಗೆ ಕುಟ್ಟೆ ಹಿಡಿಯುತ್ತದೆ’ ಎಂಬ ದೂರು ಮರದ ಕೆಲಸ ಮಾಡುವ ಯಾರ ಬಾಯಲ್ಲೂ ಕೇಳಿಬರುತ್ತದೆ. ಅದು ಸುಳ್ಳು ದೂರಲ್ಲ. ಆದರೆ ಕಾರಣ ಮರದ ಜಾತಿಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ ನೀರಿನಲ್ಲಿದೆ. ಆಗಷ್ಟೇ ಕಡಿದ ಮರದಲ್ಲಿ ಅದರ ಒಣತೂಕದ ಅರ್ಧಕ್ಕೂ ಮಿಕ್ಕಿ, ಕೆಲವೊಮ್ಮೆ ಒಣತೂಕಕ್ಕೆ ಸಮವಾಗಿಯೂ ನೀರಿರುತ್ತದೆ. ಕೋಶಗಳ ಪೊಳ್ಳಿನಲ್ಲಿರುವ ನೀರು ಮೊದಲು ಹೊರಹೋಗುತ್ತದೆ, ಆಗ ಮರದ ಅಳತೆ ಬದಲಾಗುವುದಿಲ್ಲ. ತೇವಾಂಶ ಶೇಕಡ 25ರಿಂದ 30ರ ಆಸುಪಾಸಿಗೆ ಇಳಿದ ಮೇಲೆ ಕೋಶದ ಗೋಡೆಯೊಳಗಿನ ನೀರು ಹೊರಡತೊಡಗುತ್ತದೆ. ಕುಗ್ಗುವಿಕೆ ಶುರುವಾಗುವುದು ಅಲ್ಲಿಂದ. ಮರ ಎಲ್ಲ ದಿಕ್ಕಿಗೂ ಒಂದೇ ಸಮನೆ ಕುಗ್ಗಿದ್ದರೆ ತೊಂದರೆಯಿರಲಿಲ್ಲ. ಬೆಳವಣಿಗೆಯ ಉಂಗುರದ ಗುಂಟ ಆಗುವ ಕುಗ್ಗುವಿಕೆ ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸರಿಸುಮಾರು ಎರಡರಷ್ಟಿರುತ್ತದೆ, ಉದ್ದಕ್ಕೆ ಮಾತ್ರ ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಈ ಅಸಮತೆಯಿಂದಲೇ ಹಲಗೆ ಬಾಗುವುದು, ತಿರುಚುವುದು, ಸೀಳುವುದು. ಮೈಸೂರಿನಂಥ ಹವೆಯಲ್ಲಿ ಮನೆಯೊಳಗಿನ ಮರ ಕೊನೆಗೆ ಶೇಕಡ 12ರ ಆಚೀಚೆ ಬಂದು ನಿಲ್ಲುತ್ತದೆ. ಶೇಕಡ 30ರಲ್ಲಿದ್ದಾಗ ಕೊಯ್ದು ಜೋಡಿಸಿದ ಒಂದಡಿ ಅಗಲದ ಹಲಗೆ ಮನೆಯೊಳಗೆ ಒಣಗುತ್ತ ಒಂದು ಸೆಂಟಿಮೀಟರಿನಷ್ಟು ಕುಗ್ಗಿದರೂ ಅಚ್ಚರಿಯಿಲ್ಲ. ತೇಗದ ಹೆಗ್ಗಳಿಕೆಯ ಒಂದು ಗುಟ್ಟೂ ಇಲ್ಲೇ ಇದೆ. ಅದು ಕಡಿಮೆ ಕುಗ್ಗುವ ಮರವಾದ್ದರಿಂದ ಅರೆಬರೆ ಒಣಗಿಸಿದವರನ್ನೂ ಕಾಪಾಡುತ್ತದೆ. ಸಿಲ್ವರ್ ಓಕ್ ಅಷ್ಟು ಕರುಣೆ ತೋರಿಸುವುದಿಲ್ಲ.

ಒಣಗಿಸುವುದು ಗುಟ್ಟಿನ ವಿದ್ಯೆಯೇನೂ ಅಲ್ಲ. ಕೊಯ್ದ ಹಲಗೆಗಳನ್ನು ನೆಲದಿಂದ ಒಂದಡಿ ಎತ್ತರದ ಕಲ್ಲು ಅಥವಾ ಸಿಮೆಂಟ್ ದಿಂಡಿನ ಮೇಲೆ, ಬಿಸಿಲು ನೇರವಾಗಿ ಬೀಳದ ಸೂರಿನಡಿ ಒಂದರ ಮೇಲೊಂದು ಅಟ್ಟಿ ಕಟ್ಟಬೇಕು. ಪ್ರತಿ ಸಾಲಿನ ನಡುವೆ ಒಂದೇ ದಪ್ಪದ ಒಣ ಪಟ್ಟಿಗಳನ್ನು ಎರಡಡಿ ಅಂತರಕ್ಕೊಂದರಂತೆ ಅಡ್ಡಲಾಗಿ ಇಡಬೇಕು. ಮೇಲಿನ ಸಾಲಿನ ಪಟ್ಟಿ ಕೆಳಗಿನ ಸಾಲಿನ ಪಟ್ಟಿಯ ನೇರಕ್ಕೇ ಬರಬೇಕು, ಇಲ್ಲದಿದ್ದರೆ ಹಲಗೆ ಆ ಜಾಗದಲ್ಲಿ ಬಳುಕಿ ಹಾಗೆಯೇ ಒಣಗುತ್ತದೆ. ಹಲಗೆಯ ಎರಡೂ ತುದಿಗಳಿಗೆ ಹಳೆಯ ಪೇಂಟನ್ನೋ ಮೇಣವನ್ನೋ ಬಳಿದರೆ ತುದಿಯಿಂದ ನೀರು ಬೇಗ ಓಡಿ ಸೀಳು ಬಿಡುವುದು ತಪ್ಪುತ್ತದೆ. ಅಟ್ಟಿಯ ಮೇಲೆ ಭಾರ ಹೇರಿದರೆ ಮೇಲಿನ ಸಾಲು ತಿರುಚುವುದಿಲ್ಲ. ಮರ ಹದಕ್ಕೆ ಬಂತೇ ಎಂದು ತಿಳಿಯುವುದಕ್ಕೂ ಸರಳ ದಾರಿಯಿದೆ. ಹಲಗೆಯ ತುದಿಯಿಂದ ಒಂದಡಿ ಒಳಗೆ ಒಂದು ಚೂರನ್ನು ಕತ್ತರಿಸಿ ತೂಗಬೇಕು. ಸುಮಾರು 103 ಡಿಗ್ರಿ ಶಾಖದ ಒಲೆಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೂ ಇಟ್ಟು ಮತ್ತೆ ತೂಗಬೇಕು. ಮೊದಲು 100 ಗ್ರಾಂ ಇದ್ದುದು 80ಕ್ಕೆ ಇಳಿದರೆ ಹೋದ ನೀರು 20 ಗ್ರಾಂ, ಒಣತೂಕ 80, ಆದ್ದರಿಂದ ತೇವಾಂಶ ಶೇಕಡ 25. ಅಂಥ ಮರ ಮೇಜಿಗೆ ಇನ್ನೂ ಸಲ್ಲದು. ಇಷ್ಟೂ ಬೇಡವೆಂದರೆ ಎರಡು ಮೊಳೆ ಚುಚ್ಚಿ ತೇವ ತೋರಿಸುವ ಕೈಮೀಟರು ಕೆಲವೇ ಸಾವಿರ ರೂಪಾಯಿಗೆ ಸಿಗುತ್ತದೆ. ಸಿಲ್ವರ್ ಓಕ್, ಮಾವು, ರಬ್ಬರಿನಂಥ ಮರಗಳಿಗೆ ಇನ್ನೊಂದು ಉಪಚಾರವೂ ಬೇಕು. ಬೋರಿಕ್ ಆಮ್ಲ ಮತ್ತು ಬೋರಾಕ್ಸ್ ಕರಗಿಸಿದ ನೀರಿನಲ್ಲಿ ಹಸಿ ಹಲಗೆಯನ್ನು ಅದ್ದಿಟ್ಟು ಆಮೇಲೆ ಒಣಗಿಸಿದರೆ ಕುಟ್ಟೆ ಹುಳು ಹತ್ತಿರ ಸುಳಿಯುವುದಿಲ್ಲ. ಮನೆಯೊಳಗೆ ಇರುವ ಮರದ ಸಾಮಾನಿಗೆ ಇದು ಸಾಕು, ಮನುಷ್ಯರಿಗೆ ಇದರಿಂದ ಬರುವ ಅಪಾಯವೂ ತೀರ ಕಡಿಮೆ.

ಇಷ್ಟು ಸುಲಭವಾದುದನ್ನು ಮಾಡುವವರು ಏಕಿಲ್ಲ ಎಂದರೆ, ಸುಲಭವಾದುದಕ್ಕೂ ಜಾಗ ಬೇಕು, ಕಾಲ ಬೇಕು, ಕಾಯುವ ಹಣ ಬೇಕು. ಗಾಳಿಯಲ್ಲಿ ಒಂದಿಂಚಿನ ಹಲಗೆ ಒಣಗಲು ತಿಂಗಳುಗಳು ಹಿಡಿಯುತ್ತವೆ, ಎರಡಿಂಚಿನ ಕಾಲಿಗೆ ಅದರ ಎರಡರಷ್ಟಕ್ಕೂ ಹೆಚ್ಚು. ಗಿರಾಕಿ ಗೃಹಪ್ರವೇಶದ ದಿನ ಗೊತ್ತುಮಾಡಿಕೊಂಡು ಬಂದು ಒಂದು ತಿಂಗಳ ವಾಯಿದೆ ಕೊಡುತ್ತಾನೆ. ಬಾಡಿಗೆ ಶೆಡ್ಡಿನಲ್ಲಿ ಆರು ತಿಂಗಳ ಮರವನ್ನು ಅಟ್ಟಿ ಕಟ್ಟಿಡುವುದೆಂದರೆ ಬಂಡವಾಳವನ್ನು ಮೂಲೆಯಲ್ಲಿ ಒಟ್ಟಿದಂತೆ. ಬ್ಯಾಂಕು ಯಂತ್ರಕ್ಕೆ ಸಾಲ ಕೊಡುವಷ್ಟು ಸಲೀಸಾಗಿ ಒಣಗುತ್ತಿರುವ ಮರದ ಮೇಲೆ ಕೊಡುವುದಿಲ್ಲ. ದಿಮ್ಮಿ ಕೊಯ್ಯುವ ಸಾಮಿಲ್‌ಗೆ ಲೈಸೆನ್ಸ್ ಕಟ್ಟುಪಾಡು ಇರುವುದರಿಂದ ಆ ಕೆಲಸವನ್ನು ಸಣ್ಣವರು ತಾವೇ ಮಾಡಿಕೊಳ್ಳುವಂತೆಯೂ ಇಲ್ಲ. ಸಾಮಿಲಿನವರಿಗೆ ಬೇಗ ಕೊಯ್ದು ಬೇಗ ಮಾರುವುದೇ ಲಾಭ, ಅವರು ಅಟ್ಟಿ ಕಟ್ಟಿ ಕಾಯಲಾರರು. ರೈತನಿಗಂತೂ ಮರ ಕಡಿದ ದಿನವೇ ದುಡ್ಡು ಬೇಕು. ಹೀಗೆ ಮರ ಒಬ್ಬರಿಂದ ಒಬ್ಬರಿಗೆ ದಾಟುತ್ತ ಬರುತ್ತದೆ, ಒಣಗಿಸುವ ಹೊಣೆ ಯಾರದೂ ಆಗುವುದಿಲ್ಲ. ಕೊನೆಗೆ ಅದು ಒಣಗುವುದು ಗಿರಾಕಿಯ ಮನೆಯ ಹಜಾರದಲ್ಲಿ. ಬಾಗಿಲು ಬಾಗಿದಾಗ ಬೈಗುಳ ತಿನ್ನುವವನು ಆ ಸರಪಳಿಯಲ್ಲಿ ತೀರ ಚಿಕ್ಕವನಾದ ತಯಾರಕ. ಎರಡು ಸಲ ಹಾಗಾದ ಮೇಲೆ ಅವನು ಆಮದು ಹಲಗೆಗೋ ಬೋರ್ಡಿಗೋ ಹೊರಳಿದರೆ ಅವನನ್ನು ದೂರುವುದು ನ್ಯಾಯವಲ್ಲ.

ಒಣಗಿಸುವ ಏರ್ಪಾಟು ಒಂದು ಮರದ ಹಣೆಬರಹವನ್ನು ಹೇಗೆ ಬದಲಿಸಬಲ್ಲದು ಎಂಬುದಕ್ಕೆ ರಬ್ಬರ್ ಮರಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಹಾಲು ಬತ್ತಿದ ರಬ್ಬರ್ ಮರವನ್ನು 25–30 ವರ್ಷಕ್ಕೆ ಕಡಿದು ಹೊಸದನ್ನು ನೆಡುವುದು ತೋಟಗಳ ವಾಡಿಕೆ. ಕಡಿದ ಮರ ಬಹುಕಾಲ ಸೌದೆಯಾಗಿಯೇ ಉರಿದುಹೋಗುತ್ತಿತ್ತು, ಏಕೆಂದರೆ ಅದಕ್ಕೆ ದಿನಗಳಲ್ಲೇ ಬೂಷ್ಟು ಹಿಡಿಯುತ್ತಿತ್ತು, ಹುಳು ಬೀಳುತ್ತಿತ್ತು. ಮಲೇಷ್ಯಾದಲ್ಲಿ ಬೋರಾನ್ ಉಪಚಾರ ಮತ್ತು ಕಿಲ್ನ್ ಎಂಬ ಬಿಸಿಗೂಡಿನಲ್ಲಿ ಒಣಗಿಸುವಿಕೆ ನೆಲೆಗೊಂಡ ಮೇಲೆ ಅದೇ ಮರ ಆ ದೇಶದ ಪೀಠೋಪಕರಣ ರಫ್ತಿನ ಬೆನ್ನೆಲುಬಾಯಿತು. ಇವತ್ತು ನಮ್ಮ ಪೇಟೆಯ ಶೋರೂಮುಗಳಲ್ಲಿ ಮಾರುವ ಎಷ್ಟೋ ಊಟದ ಮೇಜುಗಳು ರಬ್ಬರ್ ಮರದವೇ. ಮರ ಬದಲಾಗಲಿಲ್ಲ, ಅದರ ತಳಿಯೂ ಬದಲಾಗಲಿಲ್ಲ. ಕಡಿದ ವಾರದೊಳಗೆ ಉಪಚಾರ, ಬಳಿಕ ಶಿಸ್ತಿನ ಒಣಗಿಸುವಿಕೆ ಎಂಬ ಎರಡು ಮೆಟ್ಟಿಲು ಸೇರಿದವು, ಅಷ್ಟೆ. ಸುಳ್ಯ, ಪುತ್ತೂರಿನ ಕಡೆ ನಮ್ಮಲ್ಲೂ ರಬ್ಬರ್ ತೋಟಗಳಿವೆ. ಕೊಡಗಿನ ಸಿಲ್ವರ್ ಓಕ್ ಇವತ್ತು ನಿಂತಿರುವುದು ರಬ್ಬರ್ ಮರ ಅಂದು ನಿಂತಿದ್ದ ಜಾಗದಲ್ಲಿ.

ಸೌದೆಯ ಮಾತು ಬಂದಾಗ ಇಲವಾಲದ ಪಶ್ಚಿಮಕ್ಕೆ ನೋಡಲೇಬೇಕು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲ್ಲೂಕುಗಳು ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ಬ್ಯಾರನ್ನುಗಳಲ್ಲಿ ಒಂದು ಕಿಲೋ ಸೊಪ್ಪು ಹದ ಮಾಡಲು ಹಲವು ಕಿಲೋ ಸೌದೆ ಬೇಕು. ಹಲಗೆಯಾಗಬಹುದಾಗಿದ್ದ ಮರಕ್ಕೂ ಆ ಒಲೆಯೇ ಸುಲಭದ ಗಿರಾಕಿ, ಏಕೆಂದರೆ ಅಲ್ಲಿ ಬಾಗು, ಸೀಳು ಯಾವುದನ್ನೂ ಕೇಳುವವರಿಲ್ಲ. ಪೀಠೋಪಕರಣದವರು ಅದಕ್ಕಿಂತ ಒಳ್ಳೆಯ ಬೆಲೆ ಕೊಡುವಂತಾದರೆ ಮಾತ್ರ ಆ ಮರ ಬೆಂಕಿಯಿಂದ ಉಳಿಯುತ್ತದೆ. ಇದರ ಲೆಕ್ಕ ಹವಾಮಾನಕ್ಕೂ ಸಲ್ಲುತ್ತದೆ. ಪೂರ್ತಿ ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ. 40 ಕಿಲೋ ಒಣಮರದ ಮೇಜೊಂದು ಸುಮಾರು 20 ಕಿಲೋ ಇಂಗಾಲವನ್ನು, ಅಂದರೆ ಗಾಳಿಯಿಂದ ಎಳೆದುಕೊಂಡ 73 ಕಿಲೋದಷ್ಟು ಇಂಗಾಲದ ಡೈಆಕ್ಸೈಡನ್ನು ತನ್ನೊಳಗೆ ಹಿಡಿದಿರುತ್ತದೆ. ಸುಟ್ಟರೆ ಅಂದೇ ಅದು ಹೊರಬರುತ್ತದೆ. ಮೇಜು ನಲವತ್ತು ವರ್ಷ ಬಾಳಿದರೆ ಅಷ್ಟು ಕಾಲ ಒಳಗೇ ಇರುತ್ತದೆ, ಆ ನಡುವೆ ಅದೇ ಬದುವಿನಲ್ಲಿ ಇನ್ನೊಂದು ಮರ ಬೆಳೆದು ನಿಲ್ಲಬಹುದು.

ಬೋರ್ಡುಗಳ ಪರವಾಗಿ ಹೇಳುವವರ ಮಾತನ್ನೂ ಗೌರವದಿಂದ ಕೇಳಬೇಕು. ತೆಳ್ಳನೆಯ ಹೆಬ್ಬೇವು, ನೀಲಗಿರಿ, ಸಾಮಿಲಿನ ಹೊಟ್ಟು, ಕೊಂಬೆರೆಂಬೆ ಎಲ್ಲವನ್ನೂ ಬಳಸಿಕೊಳ್ಳುವ ಪ್ಲೈವುಡ್, ಎಂಡಿಎಫ್‌ಗಳು ಒಂದು ಮರದಿಂದ ಹೆಚ್ಚು ಸಾಮಾನು ತೆಗೆಯುತ್ತವೆ, ಇದು ನಿಜ. ಗೋಡೆಗೆ ಅಂಟಿದ ದೊಡ್ಡ ಕಪಾಟನ್ನು ಗಟ್ಟಿಮರದಲ್ಲೇ ಮಾಡಬೇಕೆಂದು ಹಟ ಹಿಡಿಯುವುದು ದಂಡ. ಆದರೆ ಬೋರ್ಡೆಂದರೆ ಎಲ್ಲ ಒಂದೇ ಅಲ್ಲ. ಫೀನಾಲ್ ಅಂಟಿನ ಒಳ್ಳೆಯ ಪ್ಲೈವುಡ್ ದಶಕಗಳ ಕಾಲ ನಿಲ್ಲುತ್ತದೆ. ಅಗ್ಗದ ಪಾರ್ಟಿಕಲ್ ಬೋರ್ಡ್ ಒಮ್ಮೆ ನೀರು ಕುಡಿದು ಉಬ್ಬಿದರೆ ಮುಗಿಯಿತು. ಅದರಲ್ಲಿ ಸ್ಕ್ರೂ ಎರಡನೇ ಸಲ ಹಿಡಿಯುವುದಿಲ್ಲ, ಕೀಸಿ ಹೊಸದು ಮಾಡಲು ಬರುವುದಿಲ್ಲ, ಅಂಟು ಮತ್ತು ಲ್ಯಾಮಿನೇಟಿನ ದೆಸೆಯಿಂದ ಒಲೆಗೂ ಗೊಬ್ಬರಕ್ಕೂ ಆಗುವುದಿಲ್ಲ. ಅದರ ಯೂರಿಯಾ ಅಂಟಿನಿಂದ ಮೆಲ್ಲನೆ ಹೊರಬರುವ ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥದ್ದು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ತೀರ್ಮಾನಿಸಿದೆ. ಆದ್ದರಿಂದ ಬೋರ್ಡು ಬಳಸುವ ಸಣ್ಣ ಉದ್ಯಮಿ ಐಎಸ್ಐ ಗುರುತನ್ನೂ ಇ1 ಅಥವಾ ಇ0 ಎಂಬ ಹೊರಸೂಸುವಿಕೆಯ ದರ್ಜೆಯನ್ನೂ ಕೇಳಿ ಕೊಳ್ಳಬೇಕು. ನನ್ನ ತೂಕದ ಕಲ್ಲು ಒಂದೇ: ಮರ ಬೆಳೆಯಲು ಹಿಡಿದ ಕಾಲಕ್ಕಿಂತ ಸಾಮಾನು ಹೆಚ್ಚು ಕಾಲ ಬಾಳುವುದೇ? ಇಪ್ಪತ್ತು ವರ್ಷದ ಸಿಲ್ವರ್ ಓಕ್ ಮೂವತ್ತು ವರ್ಷ ಬಾಳುವ ಮಂಚವಾದರೆ ಆ ವ್ಯವಹಾರ ಭೂಮಿಗೆ ನಷ್ಟವಲ್ಲ. ಏಳು ವರ್ಷದ ಹೆಬ್ಬೇವು ಐದು ವರ್ಷಕ್ಕೆ ಕಸವಾಗುವ ಬೀರುವಾದರೆ ಅದಕ್ಕೆ ಎಷ್ಟು ಹಸಿರು ಮುದ್ರೆ ಒತ್ತಿದರೂ ನಷ್ಟವೇ.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ಕೊಡಗಿನ ಕಡೆಯಿಂದ ಬರುತ್ತದೆ, ಅದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಸಿಲ್ವರ್ ಓಕ್ ಪೂರ್ವ ಆಸ್ಟ್ರೇಲಿಯಾದಿಂದ ಬಂದ ಮರ. ಕಾಫಿ ತೋಟಗಳಲ್ಲಿ ನಂದಿ, ಮತ್ತಿ, ಹಲಸು, ಅತ್ತಿಯಂಥ ನೆರಳಿನ ಮರಗಳ ಜಾಗವನ್ನು ಅದು ಆಕ್ರಮಿಸುತ್ತ ಬಂದಿದೆ, ಹಕ್ಕಿಗಳಿಗೂ ಜೇನಿಗೂ ಮಣ್ಣಿಗೂ ಇದು ಒಳ್ಳೆಯ ಸುದ್ದಿಯಲ್ಲ. ಇದರ ಹಿಂದೆ ಕಾನೂನಿನ ಕೈವಾಡವೂ ಇದೆ. ಕೊಡಗಿನ ಬಾಣೆ ಹಿಡುವಳಿಯಂಥ ಹಲವು ಜಮೀನುಗಳಲ್ಲಿ ತಾನಾಗಿ ಬೆಳೆದ ಕಾಡುಮರದ ಮೇಲೆ ಬೆಳೆಗಾರನಿಗೆ ಪೂರ್ತಿ ಹಕ್ಕಿಲ್ಲ. ಸಿಲ್ವರ್ ಓಕನ್ನಾದರೆ ತೊಡಕಿಲ್ಲದೆ ಕಡಿದು ಮಾರಬಹುದು. ತನ್ನದಾಗದ ಮರವನ್ನು ಯಾರು ತಾನೇ ನೆಟ್ಟು ಸಲಹುತ್ತಾರೆ? ಪೀಠೋಪಕರಣದವರು ಸಿಲ್ವರ್ ಓಕ್‌ಗೆ ಬೆಲೆ ಏರಿಸಿದರೆ ಈ ಓಟ ಇನ್ನೂ ಜೋರಾಗದೇ ಎಂಬ ಅಂಜಿಕೆ ಸಕಾರಣವಾದದ್ದು. ನಾನು ಹೇಳಬಲ್ಲದ್ದು ಇಷ್ಟು: ಒಣಗಿಸುವ ಏರ್ಪಾಟು ಇದ್ದರೆ ಸಣ್ಣ ತಯಾರಕ ಒಂದೇ ಮರಕ್ಕೆ ಜೋತುಬೀಳಬೇಕಿಲ್ಲ. ಹಣ್ಣು ಬಿಡುವುದು ನಿಂತ ಮಾವು, ಗಾಳಿಗೆ ಬಿದ್ದ ಹಲಸು, ರಸ್ತೆ ಅಗಲಿಸುವಾಗ ಉರುಳಿದ ಮರ, ಮುದಿ ತೆಂಗು ಹೀಗೆ ಚಿಲ್ಲರೆಯಾಗಿ ಸಿಗುವ ಹತ್ತು ಬಗೆಯ ಮರವನ್ನು ಹದ ಮಾಡಿ ಬಳಸುವುದು ದೊಡ್ಡ ಕಾರ್ಖಾನೆಗೆ ಆಗದ ಕೆಲಸ, ಸಣ್ಣ ಶೆಡ್ಡಿಗೆ ಆಗುವ ಕೆಲಸ. ಬೇಡಿಕೆ ಬಗೆಬಗೆಯಾದರೆ ತೋಟವೂ ಬಗೆಬಗೆಯಾಗಲು ಒಂದು ಕಾರಣ ಹುಟ್ಟುತ್ತದೆ. ದೇಸಿ ಮರದ ಹಕ್ಕಿನ ಗಂಟನ್ನು ಮಾತ್ರ ವಿಧಾನಸೌಧವೇ ಬಿಚ್ಚಬೇಕು.

ಮರವಲ್ಲದ, ಹೊಸ ಮರವಲ್ಲದ ದಾರಿಗಳೂ ಈ ಸೀಮೆಯಲ್ಲೇ ಇವೆ. ಕೈಗಾರಿಕಾ ಪ್ರದೇಶಗಳಿಗೆ ಯಂತ್ರ ಹೊತ್ತು ತಂದ ಪೈನ್ ಪ್ಯಾಲೆಟ್ಟುಗಳು ಗುಜರಿಯಲ್ಲಿ ಸಿಗುತ್ತವೆ. ಅವುಗಳ ಮೇಲೆ ತೆನೆಯ ಚಿಹ್ನೆಯ ಜೊತೆ ‘ಎಚ್‌ಟಿ’ ಎಂದು ಒತ್ತಿದ್ದರೆ ಶಾಖ ಕೊಟ್ಟು ಹುಳು ಕೊಂದ ಮರ, ಮೇಜು ಬೆಂಚಿಗೆ ಬಳಸಬಹುದು. ‘ಎಂಬಿ’ ಎಂದಿದ್ದರೆ ಮಿಥೈಲ್ ಬ್ರೋಮೈಡ್ ವಿಷಾನಿಲ ಹಾಯಿಸಿದ್ದು, ಅದನ್ನು ಮನೆಯೊಳಕ್ಕೆ ತರದಿರುವುದು ಲೇಸು. ಮಲೆ ಮಹದೇಶ್ವರ ಬೆಟ್ಟದಲ್ಲಿ ಏಟ್ರೀ ಸಂಸ್ಥೆಯ ತರಬೇತಿ ಪಡೆದ ಸೋಲಿಗರು ಎರಡು ದಶಕಗಳಿಂದ ಲಂಟಾನದ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ಸುಲಿದು, ಬಗ್ಗಿಸಿ ಕುರ್ಚಿ ಸೋಫಾ ಮಾಡುತ್ತಿದ್ದಾರೆ. ಹೊರಗಿನಿಂದ ಬಂದು ಬಂಡೀಪುರ, ನಾಗರಹೊಳೆಯ ನೆಲವನ್ನೆಲ್ಲ ಮುಚ್ಚಿ ಜಿಂಕೆಯ ಮೇವನ್ನೇ ಕಸಿದ ಈ ಪೊದೆಯನ್ನು ಎಷ್ಟು ಕಡಿದರೂ ಕಾಡಿಗೆ ಉಪಕಾರವೇ. ಕಡ್ಡಿ ಸಣ್ಣದಾದ್ದರಿಂದ ಬೀರು ಆಗದು, ಆಸನಕ್ಕೆ ಹೇಳಿ ಮಾಡಿಸಿದ್ದು. ಬಿದಿರಿನ ವಿಷಯದಲ್ಲಿ 2017ರಲ್ಲಿ ಕೇಂದ್ರ ಸರ್ಕಾರ ಭಾರತೀಯ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು, ಕಾಡಿನಾಚೆ ಬೆಳೆದ ಬಿದಿರನ್ನು ಮರದ ವ್ಯಾಖ್ಯೆಯಿಂದ ಹೊರಗಿಟ್ಟಿತು. ಮೈಸೂರಿನ ಬಂಬೂ ಬಜಾರಿನ ಮೇದರ ಕೈಚಳಕ ಏಣಿ ಮತ್ತು ಮಂಕರಿಯ ಆಚೆ ಬೆಳೆಯಲು ವಿನ್ಯಾಸಕಾರರ ಜೊತೆ ಸಿಗಬೇಕು. ಮೇಲ್ಲೇಪದ ಮಾತಿಗೆ ಬಂದರೆ, ಈ ಊರಿಗೆ ಅರಗು ಹೊಸದಲ್ಲ. ಚುನಾವಣೆಯ ಶಾಯಿಗೆ ಹೆಸರಾದ ಇಲ್ಲಿನ ಕಾರ್ಖಾನೆ 1937ರಲ್ಲಿ ಹುಟ್ಟಿದ್ದೇ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂಬ ಹೆಸರಿನಲ್ಲಿ. ಅರಗಿನ ಪಾಲಿಶನ್ನು ಗೀರು ಬಿದ್ದ ಕಡೆ ಮಾತ್ರ ತಿದ್ದಿ ಮತ್ತೆ ಹಚ್ಚಬಹುದು.

ಆದರೂ ನಡುಮನೆಯ ಮುಖ್ಯ ಸಾಮಾನಿಗೆ ಮರವೇ ಬೇಕು, ಮರಕ್ಕೆ ಒಣಗಿಸುವ ಜಾಗವೇ ಬೇಕು. ನನ್ನ ಸಲಹೆ ಇಲವಾಲದಂಥ ಕಡೆ ಒಂದು ಸಾಮೂಹಿಕ ಮರ ಹದಗಾರ ತೆರೆಯಬೇಕು ಎಂಬುದು. ಬೋರಾನ್ ತೊಟ್ಟಿ, ಅಟ್ಟಿ ಕಟ್ಟುವ ಸೂರು, ಒಂದೆರಡು ಕಿಲ್ನ್, ತೇವ ಅಳೆದು ಮುದ್ರೆ ಒತ್ತುವ ಒಬ್ಬ ನುರಿತ ಮನುಷ್ಯ, ಇಷ್ಟಿದ್ದರೆ ಸಾಕು. ಹತ್ತಿಪ್ಪತ್ತು ಸಣ್ಣ ತಯಾರಕರು ಘನ ಅಡಿಗಿಷ್ಟು ಎಂದು ಬಾಡಿಗೆ ಕೊಟ್ಟು ಬಳಸಲಿ. ಕಿಲ್ನ್ ಉರಿಸಲು ಅವರ ಶೆಡ್ಡಿನ ಹೊಟ್ಟು, ಚಕ್ಕೆಗಳೇ ಇವೆ. ಗಾಜುಮನೆಯಂತೆ ಬಿಸಿಲು ಹಿಡಿಯುವ ಸೌರ ಕಿಲ್ನ್ ಆದರೆ ಆ ಉರುವಲೂ ಬೇಡ, ತಿಂಗಳುಗಟ್ಟಲೆಯ ಕೆಲಸ ವಾರಗಳಿಗೆ ಇಳಿಯುತ್ತದೆ. ತಾಂತ್ರಿಕ ನೆರವಿಗೆ ದೂರ ಹೋಗಬೇಕಿಲ್ಲ. 1938ರಲ್ಲಿ ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ ಕಟ್ಟಿದ ಅರಣ್ಯ ಸಂಶೋಧನಾಲಯವೇ 1988ರಿಂದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಗಿ ಮಲ್ಲೇಶ್ವರದಲ್ಲಿದೆ. ಮರ ಒಣಗಿಸುವುದು, ಕಾಪಾಡುವುದು ಅದರ ಮೂಲ ಕಸುಬು. ಹಣಕ್ಕೆ ಕೇಂದ್ರದ ಸಣ್ಣ ಉದ್ದಿಮೆಗಳ ಕ್ಲಸ್ಟರ್ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆಂದೇ ಅನುದಾನವಿದೆ. ಪೈಪೋಟಿಯಲ್ಲಿರುವ ತಯಾರಕರು ಒಂದಾಗುತ್ತಾರೆಯೇ ಎಂದು ಅನುಮಾನಿಸುವವರಿಗೆ ಹೇಳಬೇಕಾದ್ದು, ಪೈಪೋಟಿ ಇರುವುದು ವಿನ್ಯಾಸದಲ್ಲಿ, ಕೈಕೆಲಸದಲ್ಲಿ. ಒಣಮರ ಎಲ್ಲರಿಗೂ ಸಮನಾಗಿ ಬೇಕಾದದ್ದು. ವಿನೋಬಾ ಭಾವೆ ಮತ್ತು ಪ್ರಧಾನಿ ನೆಹರೂ ಸೇರಿದಂತೆ ಬೇರೆಬೇರೆ ಪಕ್ಷಗಳ ನಾಯಕರು ಗ್ರಾಮದಾನದ ವಿಚಾರವಾಗಿ 1957ರ ಸೆಪ್ಟೆಂಬರಿನಲ್ಲಿ ಒಟ್ಟುಗೂಡಿದ್ದು ಇದೇ ಇಲವಾಲದಲ್ಲಿ. ಭೂಮಿಯನ್ನೇ ಹಂಚಿಕೊಳ್ಳುವ ಮಾತಾಡಿದ ಊರಿಗೆ ಒಂದು ಸೂರನ್ನು ಹಂಚಿಕೊಳ್ಳುವುದು ದೊಡ್ಡದಾಗಬಾರದು.

ಅಂಥ ಹದಗಾರ ಬರುವವರೆಗೂ ಕೊಳ್ಳುವವರ ಕೈಯಲ್ಲಿ ಒಂದು ಕೆಲಸವಿದೆ. ಮುಂದಿನ ಸಲ ಮಂಚವನ್ನೋ ಮೇಜನ್ನೋ ಮಾಡಿಸುವಾಗ ‘ತೇಗವೇ ತಾನೇ’ ಎಂದಷ್ಟೇ ಕೇಳಬೇಡಿ. ಮರ ಯಾವ ಊರಿನದು, ತೇವಾಂಶ ಎಷ್ಟಿದೆ, ಮೀಟರ್ ಇಟ್ಟು ತೋರಿಸುತ್ತೀರಾ ಎಂದು ಕೇಳಿ. ಶೇಕಡ 12ರ ಹತ್ತಿರ ಬರಲು ಇನ್ನೂ ಎರಡು ತಿಂಗಳು ಬೇಕೆಂದು ಅವರು ನಿಜ ಹೇಳಿದರೆ ಮುಂಗಡ ಕೊಟ್ಟು, ಆ ಎರಡು ತಿಂಗಳು ದಯವಿಟ್ಟು ಕಾಯಿರಿ.